ಕಡಲೆ ಗಿಡದ ಹೊರೆ

ಹೀರಾಬಾಯಿ ವಿಮಲಾಬಾಯಿಯವರ ಮನೆಯ ಹೊಸ್ತಿಲ ಹೊರಗೇ ನಿಂತಳು. ಒಳಗೆ ಬಾ ಎಂದರೂ ಬರಲಿಲ್ಲ. ಹೊಳೆದಂಡೆಯ ಕೇರಿಯಿಂದ ನಡೆದೇ ಬಂದವಳು. ಮಾತು ಹೊರಡುವ ಮೊದಲು ಉಸಿರು ಸುಧಾರಿಸಿಕೊಳ್ಳಬೇಕಾಯಿತು.

"ಬಾಯೇರೇ, ನನ್ನ ಗಂಡಗ ಠಾಣಾಕ ಒಯ್ದಾರ್ರಿ. ಅಮೃತಪ್ಪ ಮುತ್ಯಾನ ತಲಿ ಒಡದಾನ ಅಂತಾರ. ಅಂವ ಹೊಡದಿಲ್ರಿ. ಹೊಡದಿದ್ರ ಓಡಿ ಹೋಗ್ತಿದ್ದ. ಹೆಗಲ ಮ್ಯಾಲ ಹೊತ್ತುಕೊಂಡು ಊರಿಗಿ ಬರ್ತಿದ್ನೇನ್ರಿ?"

ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ ತಾಜುನ್ನಿಸಾ ಬಟ್ಟಲನ್ನು ಕೆಳಗಿಟ್ಟಳು. ಅವಳು ಚಿತ್ತಾಪುರದ ಹೆಣ್ಣುಮಕ್ಕಳ ಶಾಲೆಯ ಮಾಸ್ತರಬಾಯಿ. ಸಂಕ್ರಾಂತಿಯ ರಜೆಯಲ್ಲಿ ದಿನದ ಅರ್ಧ ಹೊತ್ತು ಪಕ್ಕದ ಮನೆಯ ವಿಮಲಾಬಾಯಿಯವರ ಜೊತೆಗೇ ಕಳೆಯುತ್ತಿದ್ದಳು. ವಿಮಲಾಬಾಯಿ ಐವತ್ತು ದಾಟಿದ ವಿಧವೆ. ಗಂಡ ನಿಜಾಮ ಸರಕಾರದ ಒಕ್ಕಲುತನದ ಖಾತೆಯಲ್ಲಿ ಅಧಿಕಾರಿಯಾಗಿದ್ದವರು. ಸೇಡಂ ಕಡೆಯ ಪ್ರಯೋಗದ ಹೊಲಗಳಲ್ಲಿ ಅವರು ಬಿತ್ತಿಸಿದ್ದನ್ನೆಲ್ಲ ಕಿತ್ತು ನೋಡಿ, ಅಳೆದು, ಪುಸ್ತಕಗಳ ಜೊತೆ ಹೋಲಿಸುತ್ತಿದ್ದವರು ಈಕೆ. ಗಂಡ ತೀರಿದ ಮೇಲೆ ಹೊಲ ಹೋಯಿತು, ನೋಡುವ ಚಟ ಉಳಿಯಿತು. ಊರಲ್ಲಿ ಏನಾದರೂ ಕಳೆದರೆ, ಯಾರ ಮೇಲಾದರೂ ಅಪವಾದ ಬಂದರೆ, ಜನ ಠಾಣೆಯ ಮೆಟ್ಟಿಲು ಹತ್ತುವ ಮೊದಲು ಈ ಮನೆಯ ಮೆಟ್ಟಿಲು ಹತ್ತುತ್ತಿದ್ದರು.

"ಕುಂದುರು, ಹೀರಾಬಾಯಿ. ಏನೇನು ಆತು, ಮೊದಲಿಂದ ಹೇಳು," ಎಂದರು ವಿಮಲಾಬಾಯಿ.

ಅವಳು ಹೇಳಿದ್ದು ಇಷ್ಟು. ಅವಳ ಗಂಡ ಖಂಡಪ್ಪ ಅಮೃತಪ್ಪನವರ ಹೊಲದ ಆಳು. ಮೊನ್ನೆ ಅವನ ಆಡು ಬಾವಿಯ ಬಳಿಯ ಕಡಲೆಗೆ ಬಾಯಿ ಹಾಕಿ, ಮುದುಕರಿಗೂ ಅವನಿಗೂ ಊರು ಕೇಳುವಂತೆ ಜಗಳವಾಗಿತ್ತು. ನಿನ್ನೆ ಬೆಳಿಗ್ಗೆ ಅವನು ಹೊಲಕ್ಕೆ ಹೋದಾಗ ಅಮೃತಪ್ಪ ಬಾವಿಕಟ್ಟೆಯ ಬಳಿ ಬಿದ್ದಿದ್ದರು. ತಲೆಯ ಹಿಂಭಾಗ ಒಡೆದಿತ್ತು. ಎತ್ತಿ ತಂದ. ತಂದವನ ಮೈಯೆಲ್ಲ ರಕ್ತ. ಅಷ್ಟು ಸಾಕಾಯಿತು.

"ಮುತ್ಯಾಗ ಇನ್ನಾ ಎಚ್ಚರಾಗಿಲ್ಲಂತ್ರಿ. ಹಾಂಗೇ ಹೋಗಿಬಿಟ್ರ ಇವಗ ಫಾಸಿ ಆಗ್ತದ," ಎಂದು ಹೀರಾಬಾಯಿ ಮೆಲ್ಲಗೆ ಅಂದಳು.

ವಿಮಲಾಬಾಯಿ ಶಾಲು ಹೊದ್ದರು. ತಾಜು ಬುರ್ಖಾ ಹಾಕಿಕೊಂಡಳು. ಬಾ ಎಂದು ಕರೆಯುವ, ಬರಲೇ ಎಂದು ಕೇಳುವ ರೂಢಿ ಅವರಿಬ್ಬರ ನಡುವೆ ಎಂದೋ ಹೋಗಿತ್ತು.

ಅಮೃತಪ್ಪನವರ ಮನೆಯ ಅಂಗಳದಲ್ಲಿ ಪೊಲೀಸ್ ಠಾಣೆಯ ಮುಖ್ಯಸ್ಥ ಅಮೀನ ಶೌಕತ ಅಲಿ ಹೊರಸಿನ ಮೇಲೆ ಕುಳಿತಿದ್ದರು. ನ್ಯಾಯವಂತ ಮನುಷ್ಯ, ಆದರೆ ಒಮ್ಮೆ ಕಟ್ಟಿದ ಗಂಟನ್ನು ಮತ್ತೆ ಬಿಚ್ಚುವುದು ಅವರಿಗೆ ಆಗದು.

"ಬಾಯೀಸಾಹೇಬ, ಇದರಾಗ ಹುಡುಕೋದು ಏನೂ ಇಲ್ಲ. ಜಗಳ ಆಗ್ಯಾದ. ಮರುದಿವಸ ಮುದುಕರ ತಲಿ ಒಡದದ. ಬಾಜೂಕ ಇದ್ದವ ಖಂಡಪ್ಪ. ಇನ್ನೇನು ಸಬೂತು ಬೇಕು?"

"ಬ್ಯಾರೆ ಯಾರ ಮ್ಯಾಲೂ ಅನುಮಾನ ಇಲ್ಲೇನು?"

"ಯಾರದಾರ? ಶಹಾಬಾದದ ಖಣಿ ಗುತ್ತೇದಾರ ಹಣಮಂತರಾಯ ಇವರ ಹೊಲದ ತಳದಾಗಿನ ಫರಸಿ ಹಾಸುಗಲ್ಲು ಕೇಳ್ಯಾನ, ಮುದುಕರು ಕೊಟ್ಟಿಲ್ಲ. ಅಂವ ನಿನ್ನೆ ಸೇಡಂ ಕಚೇರಿಯೊಳಗ ತಹಸೀಲ್ದಾರರ ಮುಂದೇ ಇದ್ದ. ಇನ್ನ ಇವರ ತಮ್ಮನ ಮಗ ಅಂಬಾರಾಯ. ಅಂವ ಶಹಾಬಾದ ಬಾಜೂಕ ಭಂಕೂರದಾಗ ಇರ್ತಾನ. ನಿನ್ನೆ ಮಧ್ಯಾಹ್ನದ ರೈಲಗಾಡಿಗೆ ಬಂದಾಗ ನಾನು ಇಲ್ಲೇ ಇದ್ದೆ. ತಲಿ ಮ್ಯಾಲ ಹಸಿ ಕಡ್ಲಿ ಗಿಡದ ಹೊರಿ. ಎಲಿ ಇನ್ನಾ ಬಾಡಿರಲಿಲ್ಲ. ಮುಂಜಾನೆ ಭಂಕೂರದಾಗ ಕಡ್ಲಿ ಕೀಳಾವ ಅದೇ ಹೊತ್ತಿನಾಗ ಇಲ್ಲಿ ಹ್ಯಾಂಗ ಇರ್ತಾನ?"

ಆ ಹೊರೆ ಅಂಗಳದ ಮೂಲೆಯಲ್ಲಿ ಬಿದ್ದಿತ್ತು. ಸಂಕಟದ ಮನೆಯಲ್ಲಿ ಅದನ್ನು ಯಾರೂ ಮುಟ್ಟಿರಲಿಲ್ಲ. ಕಾಯಿ ತುಂಬಿದ ಎತ್ತರದ ಗಿಡಗಳು. ಎಲೆ ಈಗ ಜೋತಿತ್ತು, ಬೇರುಗಳು ಗೋಡೆಯ ಕಡೆಗಿದ್ದವು. ವಿಮಲಾಬಾಯಿ ಬಗ್ಗಿ ಒಂದು ಗಿಡ ಎತ್ತಿಕೊಂಡರು.

ಒಳಗೆ ಅಮೃತಪ್ಪ ತಲೆಗೆ ಬಟ್ಟೆ ಸುತ್ತಿಕೊಂಡು ಮಲಗಿದ್ದರು. ಉಸಿರೊಂದು ಬಿಟ್ಟರೆ ಬೇರೆ ಚಲನೆ ಇರಲಿಲ್ಲ. ಕಾಲ ಬಳಿ ಅವರ ಹೆಂಡತಿ ಭಾಗಮ್ಮ ಕುಳಿತಿದ್ದರು. ತಲೆಯ ಬಳಿ ಅಂಬಾರಾಯ ಬೀಸಣಿಗೆ ಹಿಡಿದಿದ್ದ. ಮೂವತ್ತರ ಆಸುಪಾಸಿನ ಬಡಕಲು ಮನುಷ್ಯ. ಅತ್ತು ಅತ್ತು ಕಣ್ಣು ಊದಿದ್ದವು. ಮಕ್ಕಳಿಲ್ಲದ ಈ ಮನೆಯಲ್ಲಿ ತೊಟ್ಟಿಲಿಂದ ಬೆಳೆದವನು ಅವನು.

"ಕಡ್ಲಿ ಛಲೋ ಬಂದದಪ್ಪಾ," ಎಂದರು ವಿಮಲಾಬಾಯಿ, ಗಿಡ ಇನ್ನೂ ಕೈಯಲ್ಲೇ ಇತ್ತು.

"ಬೀಜ ದೊಡ್ಡಪ್ಪಂದೇ ರಿ. ಈ ಹೊಲಕ್ಕ ಬಿತ್ತಿದ ಬೀಜದಾಗ ಅರ್ಧಾ ನನಗ ಕೊಟ್ಟಿದ್ದ. ಹ್ಯಾಂಗ ಬಂದದ ನೋಡಪಾ ಅಂತ ತೋರಸಾಕ ತಂದೆ. ಅಂವಗ ನೋಡೋ ಯೋಗ ಇರಲಿಲ್ಲ."

"ಗೊಬ್ಬರ ಭಾಳ ಹಾಕಿರಬೇಕು."

"ಎಲ್ಲೀದ್ರಿ? ದನಾ ಇಲ್ಲ, ಕುರಿ ಇಲ್ಲ. ಕಲ್ಲಿನ ಮ್ಯಾಲ ಗೇಣು ಮಣ್ಣು. ಒಲಿ ಬೂದಿ ಒಯ್ದು ಚೆಲ್ತೀನಿ, ಅಷ್ಟೇ."

"ಬೇರು ಎಷ್ಟು ಹಸನ ಅದಾವ."

"ತೊಳದೀನ್ರಿ. ದೊಡ್ಡವ್ವ ಅಂಗಳ ಸಾರಿಸಿರ್ತಾಳ, ಮಣ್ಣು ಬೀಳಬಾರದು ಅಂತ."

ಇಂಥ ಮಗ ಇರುವವರು ಪುಣ್ಯವಂತರು ಎಂದುಕೊಂಡಳು ತಾಜು. ವಿಮಲಾಬಾಯಿ ಮಾತ್ರ ಹೊರಡುವಾಗ ಭಾಗಮ್ಮನ ಕಿವಿಯ ಬಳಿ ಬಗ್ಗಿ, "ಇವರಿಗೆ ನೀರಾಗಲಿ ಔಷಧ ಆಗಲಿ ನಿಮ್ಮ ಕೈಯಿಂದಲೇ ಕುಡಸ್ರಿ. ಇನ್ನೊಬ್ಬರ ಕೈಗೆ ಕೊಡಬ್ಯಾಡ್ರಿ," ಎಂದರು. ಆ ಮಾತಿನ ಅರ್ಥ ಆಗ ತಾಜುಗೆ ಆಗಲಿಲ್ಲ.

ಅಲ್ಲಿಂದ ಅವರು ಹೊಲಕ್ಕೆ ಹೋದರು. ಅಮೀನರೂ ಬಂದರು. ಬಾವಿಯ ಪಕ್ಕದ ಕಡಲೆ ನೋಡುವಂತಿತ್ತು: ಕಡು ಹಸಿರು, ಮೊಣಕಾಲು ದಾಟುವ ಎತ್ತರ. ಬೇಸಿಗೆಯಿಡೀ ಕುರುಬರ ಮಂದೆಯನ್ನು ಇಲ್ಲೇ ಕೂಡಿಸಿದ್ದರೆಂದೂ, ನೆಲ ಕುರಿಯ ಹಿಕ್ಕೆ, ಉಚ್ಚೆ ಕುಡಿದು ಕೊಬ್ಬಿದೆಯೆಂದೂ ದಾರಿಯಲ್ಲಿ ಸಿಕ್ಕ ಒಕ್ಕಲಿಗನೊಬ್ಬ ಹೇಳಿದ್ದ. ಆ ಕಡಲೆಯ ನಡುವೆ ಒಂದು ಕಡೆ ಸಾಲು ಬರಿದಾಗಿತ್ತು.

"ಖಂಡಪ್ಪನ ಆಡಿನ ಕೆಲಸ. ಜಗಳಾ ಆಗಿದ್ದೇ ಇದಕ್ಕ," ಎಂದರು ಅಮೀನರು.

ವಿಮಲಾಬಾಯಿ ಬದುವಿನ ಕಡೆ ನಡೆದು ಇನ್ನೊಂದು ಜಾಗ ತೋರಿಸಿದರು. ಅಲ್ಲಿ ಗಿಡಗಳ ತುದಿ ಕಚ್ಚಿ ತಿಂದು, ಮೋಟು ಕಡ್ಡಿಗಳು ನಿಂತಿದ್ದವು. "ಆಡು ತಿಂದದ್ದು ಇದು, ಅಮೀನಸಾಹೇಬ. ಆಡು ಮ್ಯಾಲಿಂದ ತಿಂತದ, ಬುಡ ಬಿಡ್ತದ. ಅಲ್ಲಿ ಮೋಟು ಎಲ್ಲದಾವ?"

ಇರಲಿಲ್ಲ. ಹಸಿ ಕಪ್ಪು ನೆಲದಲ್ಲಿ ಸಾಲಾಗಿ ಸಣ್ಣ ಕುಳಿಗಳಷ್ಟೇ ಇದ್ದವು.

"ಎಳ್ಳಮಾವಾಸ್ಯೆಗೆ ಹೊಲ ತಿರುಗಿದ ಜನ ಕಿತ್ತಿರ್ತಾರ," ಎಂದರು ಅಮೀನರು.

ವಿಮಲಾಬಾಯಿ ವಾದ ಮಾಡಲಿಲ್ಲ. ತಾವೇ ಎರಡು ಗಿಡ ಕಿತ್ತು, ಕಾಲುವೆಯ ನೀರಲ್ಲಿ ಅದ್ದಿ ತೊಳೆದು ತಾಜುಗೆ ಕೊಟ್ಟರು. ಉದ್ದನೆಯ, ಬೆಳ್ಳಗಿನ, ನುಣುಪಾದ ಬೇರು. ಅದರಲ್ಲಿ ನೋಡುವಂಥದ್ದು ಏನೂ ತಾಜುಗೆ ಕಾಣಲಿಲ್ಲ.

"ಏನದ ಅಕ್ಕಾ ಇದರಾಗ?"

"ಏನೂ ಇಲ್ಲ. ಅದೇ ನೋಡಬೇಕಾದ್ದು. ನಾಳೆ ಭಂಕೂರಕ್ಕ ಹೋಗೋಣು."

ಮರುದಿನ ವಾಡಿಯಲ್ಲಿ ಗಾಡಿ ಬದಲಿಸಿ ಶಹಾಬಾದಿಗೆ, ಅಲ್ಲಿಂದ ಟಾಂಗಾದಲ್ಲಿ ಭಂಕೂರಕ್ಕೆ ಹೋದರು. ಅಂಬಾರಾಯನ ಹೊಲ ಖಣಿಯ ಅಂಚಿಗೇ ಇತ್ತು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ: ತೆಳ್ಳಗಿನ ಮಣ್ಣು, ಅಲ್ಲಲ್ಲಿ ಫರಸಿಯ ಬೆನ್ನು ಮೇಲೆದ್ದಿತ್ತು. ಕಡಲೆ ಗಿಡಗಳು ಗಿಡ್ಡ. ಆದರೂ ಎಲೆ ಹಸಿರಾಗಿದ್ದವು. ಒಲೆಯ ಬೂದಿಯ ಬಿಳಿ ಕುರುಹು ಮಣ್ಣಲ್ಲಿ ಇನ್ನೂ ಇತ್ತು.

"ನೀನೇ ಕೀಳು, ತಾಜು. ಹೊಲದ ಎಲ್ಲಾ ಮೂಲಿಯಿಂದ. ಜೋರಾಗಿ ಎಳಿ, ಹಗುರ ಮಾಡಬ್ಯಾಡ."

ತಾಜು ಕಿತ್ತಳು. ಬುಡದ ಹತ್ತಿರ ಬೇರಿಗೆ ಸಾಬೂದಾಣಿಯಂಥ ಕಾಳುಗಳು ಗುಂಪುಗುಂಪಾಗಿ ಅಂಟಿದ್ದವು. ರೋಗವೆಂದುಕೊಂಡು ಅವಳು ಕೈ ಹಿಂದೆಗೆದಳು. ವಿಮಲಾಬಾಯಿ ಒಂದನ್ನು ಉಗುರಿನಿಂದ ಸೀಳಿ ತೋರಿಸಿದರು. ಒಳಗೆ ತಿಳಿ ಕೆಂಪು.

"ರೋಗ ಅಲ್ಲ, ತಾಜು. ಕೆಲಸ ನಡದದ," ಎಂದಷ್ಟೇ ಹೇಳಿದರು.

ಇಬ್ಬರು ಹೆಂಗಸರು ಹೊಲದಲ್ಲಿರುವುದನ್ನು ಕಂಡು ಖಣಿಯ ಕಡೆಯಿಂದ ಹಣಮಂತರಾಯ ಬಂದ. ಅಮೃತಪ್ಪನವರ ಸುದ್ದಿ ಕೇಳಿ ನೊಂದವನಂತೆ ಕಂಡ. "ಪಾಪ, ಹಿರಿಯರು. ಕಲ್ಲು ಕೊಡಲ್ಲ ಅಂದ್ರೂ ಊಟಾ ಮಾಡಿಸೇ ಕಳಿಸಿದ್ರು. ಆದರ ಅಂಬಾರಾಯ ನನಗ ಮಾತು ಕೊಟ್ಟಾನ್ರಿ. ಯುಗಾದಿಗೆ ಆ ಹೊಲದಾಗ ಖಣಿ ತೆಗೀರಿ, ದೊಡ್ಡಪ್ಪಗ ನಾ ಒಪ್ಪಸ್ತೀನಿ ಅಂದಾನ. ಅದನ್ನ ನಂಬಿ ಆಳುಗಳಿಗೂ ಹೇಳಿಟ್ಟೀನಿ."

"ಇದೇ ಮಾತು ಅಮೀನರ ಮುಂದ ಹೇಳ್ತೀರೇನು?"

"ಯಾಕ ಹೇಳಬಾರದು? ಮುಚ್ಚಿಡೋ ಮಾತಲ್ಲ."

ಮರಳುವಾಗ ವಾಡಿಯಲ್ಲಿ ಹೆಂಗಸರ ಕೋಣೆಯ ಕಿಟಕಿಯಿಂದ ತಾಜು ನೋಡುತ್ತಿದ್ದಳು. ವಿಮಲಾಬಾಯಿ ಪ್ಲಾಟ್‌ಫಾರಮ್ಮಿನ ಚಹಾದ ಬಾಬುಮಿಯಾನ ಹತ್ತಿರ ನಿಂತು ಏನೋ ಕೇಳಿದರು. ಅವನು ತುಸು ಯೋಚಿಸಿ ಕೈ ಎತ್ತಿ ತೋರಿಸಿದ. ಶಹಾಬಾದಿನ ಗಾಡಿ ಬಂದು ನಿಲ್ಲುವ ಕಡೆಗಲ್ಲ. ಹಳಿ ದಾಟಿ ಚಿತ್ತಾಪುರದ ಕಡೆ ಹೋಗುವ ಕಾಲುದಾರಿಯ ಕಡೆಗೆ. ತಾಜುಗೆ ಅಂಬಾರಾಯನ ಊದಿದ ಕಣ್ಣು ನೆನಪಾದವು.

ಮುಂದಿನ ದಿನ ಅಮೃತಪ್ಪನವರ ಅಂಗಳದಲ್ಲಿ ಎಲ್ಲರೂ ಸೇರಿದರು. ವಿಮಲಾಬಾಯಿ ಕೇಳಿಕೊಂಡಂತೆ ಅಮೀನರು ಖಂಡಪ್ಪನನ್ನೂ ಕರೆತಂದಿದ್ದರು. ಹೀರಾಬಾಯಿ ಅವನಿಂದ ದೂರ ಗೋಡೆಗೆ ಒರಗಿ ನಿಂತಿದ್ದಳು. ಹಣಮಂತರಾಯ ಬಂದಿದ್ದ. ಬಾಬುಮಿಯಾ ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕುಳಿತಿದ್ದ. ಭಾಗಮ್ಮ ಒಳಬಾಗಿಲ ಹೊಸ್ತಿಲ ಮೇಲೆ, ಗಂಡನ ಉಸಿರು ಕೇಳುವಷ್ಟು ಹತ್ತಿರದಲ್ಲಿದ್ದರು. ಅಂಬಾರಾಯ ಕಂಬದ ಪಕ್ಕ ನಿಂತಿದ್ದ.

ವಿಮಲಾಬಾಯಿ ಹಾಸುಗಲ್ಲಿನ ಮೇಲೆ ಮೂರು ಕಡೆ ಗಿಡಗಳನ್ನಿಟ್ಟರು.

"ಇದು ಅಂಬಾರಾಯ ತಂದ ಹೊರಿಯೊಳಗಿಂದು. ಇದು ಇವರ ಬಾವಿ ಬಾಜೂಕಿಂದು, ಅಮೀನಸಾಹೇಬರ ಮುಂದೇ ಕಿತ್ತದ್ದು. ಇದು ಭಂಕೂರದ್ದು, ತಾಜು ಕಿತ್ತದ್ದು. ಮೂರಕ್ಕೂ ಬೀಜ ಒಂದೇ. ಬೇರು ನೋಡ್ರಿ."

ಅಮೀನರು ಬಗ್ಗಿ ನೋಡಿದರು. "ಭಂಕೂರದ್ದಕ್ಕ ಗಂಟು ಅದಾವ. ಉಳಿದ ಎರಡಕ್ಕೂ ಇಲ್ಲ."

"ಹೌದು. ಆ ಗಂಟಿನೊಳಗ ಕಣ್ಣಿಗೆ ಕಾಣದ ಜೀವಿಗಳಿರ್ತಾವ. ಗಾಳಿಯೊಳಗಿನ ಸಾರಜನಕ ಹಿಡಿದು ಗಿಡಕ್ಕ ಅನ್ನ ಮಾಡಿಕೊಡ್ತಾವ. ಸುಮ್ಮನ ಮಾಡಲ್ಲ, ಗಿಡ ಅವಕ್ಕ ತನ್ನ ಸಕ್ಕರಿ ಕೊಟ್ಟು ಸಾಕಬೇಕು. ಅದಕ್ಕ ಗಿಡ ಲೆಕ್ಕ ಹಾಕ್ತದ. ಮಣ್ಣಾಗೇ ಸಾರಜನಕ ತುಂಬಿದ್ದರ, ದುಡ್ಯಾಕ ಆಳು ಯಾಕ ಬೇಕು? ಬೇರಿನಿಂದ ನೆಟ್ಟಗ ಕುಡೀತದ, ಗಂಟು ಕಟ್ಟೋದೇ ಇಲ್ಲ. ಬಾವಿ ಬಾಜೂಕ ಬೇಸಿಗಿಯೆಲ್ಲಾ ಕುರಿ ಕೂಡ್ಯಾವ. ಅದಕ್ಕೇ ಅಲ್ಲಿನ ಗಿಡ ಇಷ್ಟು ಎತ್ತರಕ್ಕ ಹೊಂಟರೂ ಬೇರು ಬರಿದು."

"ಮತ್ತ ಭಂಕೂರದಾಗ?" ಎಂದು ಕೇಳಿದ ಹಣಮಂತರಾಯ.

"ಅಲ್ಲಿ ನೆಲದಾಗ ಸಾರಜನಕ ಇಲ್ಲ. ಗಿಡ ಗಾಳಿಯಿಂದಲೇ ತರಬೇಕು. ಆದರ ಬರೇ ಬಡಮಣ್ಣಾದರ ಗಂಟೂ ಸಣ್ಣಗೇ ಉಳೀತಾವ. ಗಂಟು ಬಲೀಲಿಕ್ಕೆ ರಂಜಕ ಬೇಕು, ಸುಣ್ಣದ ಅಂಶ ಬೇಕು. ಸುಣ್ಣ ಅಲ್ಲಿನ ಕಲ್ಲೇ ಕೊಡ್ತದ. ಉಳಿದದ್ದು ಅಂಬಾರಾಯ ಚೆಲ್ಲಿದ ಒಲಿ ಬೂದಿ ಕೊಟ್ಟದ. ಸೇಡಂ ಕಡೆ ಇದನ್ನೇ ನಾವು ವರ್ಷಗಟ್ಟಲೆ ಬಿತ್ತಿ ನೋಡೀವಿ. ಗೊಬ್ಬರ ಹೆಚ್ಚಾದ ಪಟ್ಟಿಯೊಳಗ ಗಂಟು ಇಲ್ಲ. ಬೂದಿ ಚೆಲ್ಲಿದ ಬಡ ಪಟ್ಟಿಯೊಳಗ ಬೇರಿಗೆ ಜಾಗ ಸಾಲದಷ್ಟು ಗಂಟು."

ಅಂಬಾರಾಯ ನಡುವೆ ಬಾಯಿ ಹಾಕಿದ. "ಕೀಳುವಾಗ ಉದುರಿರ್ತಾವ್ರಿ. ಇಲ್ಲಾ ತೊಳೆಯುವಾಗ."

"ಉದುರ್ತಾವ, ನಿಜ. ಅದಕ್ಕೇ ತಾಜುಗೆ ಜೋರಾಗಿ ಎಳಿ ಅಂದೆ. ಅವೂ ನೀರಾಗ ತೊಳದವೇ. ಕೆಲವು ಉದುರಿದವು, ಉಳಿದವು ಉಳಿದವು. ಉದುರಿದಲ್ಲಿ ಕಲೆ ಕಾಣ್ತದ. ನಿನ್ನ ಹೊರಿಯೊಳಗಿನ ಒಂದೊಂದು ಗಿಡಾನೂ ನೋಡೀನಿ. ಗಂಟೂ ಇಲ್ಲ, ಕಲೆಯೂ ಇಲ್ಲ. ಗೊಬ್ಬರ ಹಾಕೇ ಇಲ್ಲ ಅಂತ ನೀನೇ ಹೇಳಿದಿ."

ವಿಮಲಾಬಾಯಿ ದನಿ ಏರಿಸದೆ ಮುಂದುವರಿಸಿದರು.

"ಮೊದಲು ನನಗ ಹತ್ತಿದ್ದು ಗಂಟಿನ ಮಾತಲ್ಲ. ಕಡ್ಲಿ ಗಿಡದ ಬೇರು ತೊಳೆದು ತರೋರು ಯಾರು? ಕಾಯಿ ಬಿಡಿಸಿಕೊಂಡು ಗಿಡ ದನಕ್ಕ ಹಾಕ್ತಾರ. ಇಲ್ಲಿ ಮಣ್ಣು ಕಪ್ಪು, ಭಂಕೂರದಾಗ ಬಿಳಿಚು. ಕಪ್ಪು ಮಣ್ಣು ಕಾಣಬಾರದು ಅಂತ ತೊಳದಿರಬೇಕು ಅನಿಸ್ತು. ಹೊಲಕ್ಕ ಹೋದರ, ಕಿತ್ತ ಸಾಲು ಸಿಕ್ತು. ಭಂಕೂರಕ್ಕ ಹೋದರ, ಈ ಗಿಡ ಅಲ್ಲಿ ಬೆಳದದ್ದಲ್ಲ ಅಂತ ಖಾತ್ರಿ ಆತು. ಎಲಿ ಬಾಡಿಲ್ಲ ಅಂತ ಅಮೀನಸಾಹೇಬರು ಅಂದದ್ದು ಖರೇನೇ. ಮುಂಜಾನೆ ಕಿತ್ತದ್ದೇ. ಆದರ ಕಿತ್ತದ್ದು ಇವರ ಬಾವಿ ಬಾಜೂಕ, ಇವರು ಬಿದ್ದ ಜಾಗದಾಗ. ಬಾಬುಮಿಯಾ, ನೀವು ಕಂಡದ್ದು ಹೇಳ್ರಿ."

ಬಾಬುಮಿಯಾ ಎದ್ದು ನಿಂತ. "ಈ ಮನಿಷಾ ಆ ದಿವಸ ವಾಡಿಗಿ ಕಾಲ್ನಡಿಗಿಲೆ ಬಂದ್ರಿ, ಚಿತ್ತಾಪುರದ ಕಡಿಂದ. ಹೊರಿಯಿಂದ ನೀರು ಸೋರ್ತಿತ್ತು. ಒಂದು ಹಿಡಿ ಕಡ್ಲಿ ಕೊಡಪಾ ಅಂದೆ. ಕೊಡಲಿಲ್ಲ. ಅದಕ್ಕೇ ನೆನಪು ಉಳದದ. ಆಮ್ಯಾಲ ಚಿತ್ತಾಪುರದ ಗಾಡಿ ಹತ್ತಿದ. ಆ ಕಡಿಂದ ಬಂದು ತಿರುಗಿ ಆ ಕಡಿಗೇ ಯಾಕ ಹೊಂಟ ಅಂತ ನನಗ ಸೋಜಿಗ ಆತು."

ಖಣಿಯ ಮಾತನ್ನು ಹಣಮಂತರಾಯ ಇದ್ದಂತೆಯೇ ಹೇಳಿದ. ಅಂಬಾರಾಯ ಕಂಬದ ಬುಡದಲ್ಲಿ ಕುಳಿತುಕೊಂಡ.

"ಹೊಡ್ಯಾಕ ಬಂದಿದ್ದಿಲ್ರಿ," ಎಂದ. "ಹಿಂದಿನ ದಿವಸವೇ ವಾಡಿಗಿ ಬಂದು, ನಸುಕಿನಾಗ ಹೊಲಕ್ಕ ಹೋದೆ. ಮನ್ಯಾಗ ಕೇಳಿದ್ರ ದೊಡ್ಡವ್ವನ ಮುಂದ ಜಗಳಾ ಆಗ್ತದ ಅಂತ. ಕಾಲು ಹಿಡದು ಕೇಳಿದೆ. ಕಲ್ಲು ತೆಗದ್ರ ಮಣ್ಣು ಸಾಯ್ತದ, ನಾ ಇರೋತನಕ ಆಗಲ್ಲ ಅಂದ. ಬೆನ್ನು ತಿರುಗಿಸಿ ಹೊಂಟ. ಕಲ್ಲು ಕೈಗೆ ಹ್ಯಾಂಗ ಬಂತೋ ಗೊತ್ತಿಲ್ಲ. ಸತ್ತೇ ಹೋದ ಅಂತ ತಿಳದೆ. ಆಮ್ಯಾಲ ಕಡ್ಲಿ ಕಿತ್ತೆ. ದಾರ್ಯಾಗ ಹಳ್ಳದಾಗ ತೊಳದೆ."

ಭಾಗಮ್ಮ ಹೊಸ್ತಿಲಿಂದ ಏಳಲಿಲ್ಲ. ಅಲ್ಲಿಂದಲೇ ಅವನ ಕಡೆ ತಿರುಗಿದರು.

"ಬೇರು ತೊಳ್ಯಾಕ ನಿನಗ ನೀರು ಸಿಕ್ಕವು," ಎಂದರು. "ಅವನ ಬಾಯಿಗಿ ಒಂದು ಹನಿ ಹಾಕಾಕ ಸಿಗಲಿಲ್ಲೇನೋ? ಬಾವಿ ಬಾಜೂಕೇ ಇತ್ತಲ್ಲೋ."

ಅಮೀನರು ಎದ್ದು ತಾವೇ ಹೋಗಿ ಖಂಡಪ್ಪನ ಕೈಯ ಹಗ್ಗ ಬಿಚ್ಚಿದರು. "ತಪ್ಪು ನಂದು," ಎಂದರು. ಆ ಎರಡು ಮಾತು ಅವರ ಬಾಯಿಂದ ತಾಜು ಹಿಂದೆ ಕೇಳಿರಲಿಲ್ಲ. ಭಾಗಮ್ಮ ಖಂಡಪ್ಪನನ್ನು ಒಳಗೆ ಬಾ, ಎರಡು ತುತ್ತು ಉಣ್ಣು ಎಂದು ಕರೆದರು.

"ಇವತ್ತ ಬ್ಯಾಡ್ರಿ ಅವ್ವಾರ," ಎಂದ ಖಂಡಪ್ಪ, ಮಣಿಕಟ್ಟು ಉಜ್ಜಿಕೊಳ್ಳುತ್ತ. "ಇವತ್ತ ಮನಿಗಿ ಹೋಗ್ತೀನಿ." ಹೀರಾಬಾಯಿ ಮುಂದೆ, ಅವನು ಹಿಂದೆ ಹೊರಟುಹೋದರು.

ದಾರಿಯಲ್ಲಿ ತಾಜು ತಡೆಯಲಾರದೆ ಕೇಳಿದಳು: "ಅಕ್ಕಾ, ಆ ಅಳು? ಅಷ್ಟು ಅತ್ತಿದ್ನಲ್ಲ."

"ಅಳು ಸುಳ್ಳಲ್ಲ, ತಾಜು. ಸುಳ್ಳಾಗಿದ್ರ ನನಗ ಇಷ್ಟು ಕಷ್ಟ ಆಗ್ತಿರಲಿಲ್ಲ," ಎಂದರು ವಿಮಲಾಬಾಯಿ.

ಅಮೃತಪ್ಪ ಕಣ್ಣು ಬಿಟ್ಟದ್ದು ಶಾಲೆ ತೆರೆದ ಮೇಲೆ. ಸುದ್ದಿ ಕೇಳಿ ವಿಮಲಾಬಾಯಿ, ತಾಜು ನೋಡಲು ಹೋದರು; ಅಮೀನರೂ ಬಂದಿದ್ದರು. ಪೆಟ್ಟು ಬಿದ್ದ ದಿನದ್ದೊಂದೂ ಮುದುಕರಿಗೆ ನೆನಪಿರಲಿಲ್ಲ. ಈಗಲೇ ಏನೂ ತಿಳಿಸಬೇಡಿ, ಜೀವಕ್ಕೆ ತಡೆಯದು ಎಂದು ಡಾಕ್ಟರು ಹೇಳಿದ್ದರು. ಹಾಸಿಗೆಯ ಕಾಲ ಬಳಿ ಖಂಡಪ್ಪ ಕುಳಿತಿದ್ದ. ಯಾರು ಹೇಳಿಕಳಿಸಿದರೋ, ಅವನೇ ಬಂದನೋ, ತಾಜುಗೆ ತಿಳಿಯಲಿಲ್ಲ.

ಮುದುಕರು ನಿಧಾನವಾಗಿ ಒಬ್ಬೊಬ್ಬರ ಮುಖ ನೋಡಿದರು. ಹುಡುಕುವವರಂತೆ ಬಾಗಿಲ ಕಡೆ ನೋಡಿದರು.

"ಅಂಬಾರಾಯ ಎಲ್ಲದಾನ?"

ಅಮೀನರು ಕಿಟಕಿಯ ಕಡೆ ತಿರುಗಿದರು. ಭಾಗಮ್ಮ ನೀರಿನ ಲೋಟ ಹುಡುಕುವಂತೆ ಎದ್ದರು.

"ಹೊಲಕ್ಕ ಹೋಗ್ಯಾನ್ರಿ ಮುತ್ಯಾ," ಎಂದ ಖಂಡಪ್ಪ, ಅವರ ಕಾಲಿಗೆ ಹೊದಿಕೆ ಎಳೆದು ಮುಚ್ಚುತ್ತ. "ನೀವು ಮಕ್ಕೋರಿ."

ಅಮೃತಪ್ಪ ಸಮಾಧಾನದಿಂದ ಕಣ್ಣು ಮುಚ್ಚಿದರು.